ಗಂಗೊಳ್ಳಿಯ ಐಸು, ಮಸ್ಕತ್ತಿನ ಆಸ್ಪತ್ರೆ

ಬೈಂದೂರು

ನಾನು ಮಸ್ಕತ್ತಿಗೆ ಹೋದದ್ದು ಊರು ನೋಡುವುದಕ್ಕಲ್ಲ. ನನ್ನ ತಂಗಿ ಸುಜಾತಳ ಪಿತ್ತಕೋಶದಲ್ಲಿ ಕಲ್ಲು ಸೇರಿತ್ತು, ಅದನ್ನು ತೆಗೆಸುವುದಿತ್ತು. ಅವಳ ಗಂಡ ಪ್ರಭಾಕರ ತಲ್ಲೂರಿನವನು. ಮಸ್ಕತ್ತಿನ ರೂವಿ ಎಂಬ ಪೇಟೆಯಲ್ಲಿ, ಇಡ್ಲಿಯ ಹಬೆಯಿಂದ ಶುರುವಾಗಿ ಚಪಾತಿಯ ಹೊಗೆಯಲ್ಲಿ ಮುಗಿಯುವ ಒಂದು ಹೋಟೆಲಿನ ಅಡುಗೆಮನೆಯನ್ನು ನೋಡಿಕೊಳ್ಳುತ್ತಾನೆ. ಅವನಿಗೆ ಹೆಂಡತಿಯ ಪಕ್ಕದಲ್ಲಿ ಕೂರುವಷ್ಟು ಬಿಡುವಿಲ್ಲ. ಬ್ರಹ್ಮಾವರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಆಗ ರಜೆ. ಹಾಗಾಗಿ ಹೊರಟೆ.

ನಾನು ದಿನಚರಿ ಬರೆಯುವವಳು. ನೆನಪು ಗಟ್ಟಿಯಿದೆ ಎಂದಲ್ಲ, ಅದರ ಮೇಲೆ ನನಗೆ ಭರವಸೆಯಿಲ್ಲ ಎಂದು ಬರೆಯುತ್ತೇನೆ. ನಿನ್ನೆ ಆಡಿದ ಮಾತನ್ನು ಇವತ್ತೇ ಸ್ವಲ್ಪ ಚೆಂದ ಮಾಡಿ ಹೇಳುವ ಚಾಳಿ ನನ್ನಲ್ಲಿದೆ. ಈ ಬರಹದ ಮಸ್ಕತ್ತಿನ ಭಾಗವನ್ನು ದಿನಚರಿಯ ಜೊತೆ ತಾಳೆ ನೋಡಿದ್ದೇನೆ. ಆದರೆ ಇದರ ನಡುವೆ ಬರುವ ಒಂದು ಸಂಗತಿ ನಾನು ಅಕ್ಷರ ಕಲಿಯುವುದಕ್ಕೂ ಮೊದಲಿನದು. ಅದಕ್ಕೆ ತಾಳೆ ನೋಡಲು ಏನೂ ಇರಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು.

ಅಮ್ಮ ಬೈಂದೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಹೊರಡುವ ದಿನ ಒಂದು ಸ್ಟೀಲ್ ಡಬ್ಬಿಯಲ್ಲಿ ದೇವಸ್ಥಾನದ ಪಂಚಕಜ್ಜಾಯ ತುಂಬಿಸಿ ನನ್ನ ಕೈಗಿತ್ತಳು. ‘ಆಪರೇಷನ್’ ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ‘ಆ ಕೆಲ್ಸ’ ಎನ್ನುತ್ತಾಳೆ.

“ಆ ಕೆಲ್ಸದ ದಿನ ಬೆಳಿಗ್ಗೆ ಅವ್ಳ್ ಬಾಯಿಗೆ ಒಂದ್ ಚಿಟ್ಕಿ ಹಾಕ್, ಮರಿಬೇಡ. ಮತ್ತೆ ಅಕ್ಕ ತಂಗಿ ಸೇರ್ಕಂಡ್ ಅಲ್ಲ್ ಬ್ಯಾಡದ್ದ್ ಎಂತದೂ ಮಾತಾಡ್ಬೇಡಿ.”

ಬೇಡದ್ದು ಎಂದರೆ ಸಾವು, ರೋಗ, ನಷ್ಟ. ಒಂದು ಕೆಲಸಕ್ಕೆ ಹೊರಟಾಗ ಅದರ ಕೇಡನ್ನು ಬಾಯಲ್ಲಿ ಆಡಬಾರದು. ಆಡಿದರೆ ಅದಕ್ಕೆ ದಾರಿ ತೋರಿಸಿಕೊಟ್ಟಂತೆ. ನಮ್ಮ ಅಜ್ಜ ಮನೆಯಿಂದ ಹೊರಟಾಗ ಯಾರಾದರೂ “ಎಲ್ಲಿಗೆ?” ಎಂದು ಕೇಳಿಬಿಟ್ಟರೆ ಹಿಂದಕ್ಕೆ ಬಂದು, ಜಗಲಿಯಲ್ಲಿ ಕುಳಿತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಅಮ್ಮ ಅವರ ಮಗಳು.

ಮಸ್ಕತ್ತಿನ ವಿಮಾನ ನಿಲ್ದಾಣ

ಕಸ್ಟಮ್ಸಿನ ತರುಣ ಅಧಿಕಾರಿ ನನ್ನ ಚೀಲದಿಂದ ಡಬ್ಬಿಯನ್ನೇ ಎತ್ತಿಕೊಂಡ. ಮುಚ್ಚಳ ತೆಗೆದು ಮೂಸಿದ.

“ಫುಡ್?”

“ನೋ.”

“ಮೆಡಿಸಿನ್?”

“ನೋ.”

ಅವನು ಹುಬ್ಬೇರಿಸಿದ. ಪ್ರಸಾದಕ್ಕೆ ಇಂಗ್ಲಿಷಿನಲ್ಲಿ ಏನನ್ನುವುದೆಂದು ತೋಚದೆ ನಾನು ಸುಮ್ಮನೆ ಕೈಮುಗಿದೆ. ಅವನಿಗೆ ಅರ್ಥವಾಯಿತು. ಮುಚ್ಚಳ ಹಾಕಿ, ಒಂದು ಕೈ ಎದೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಡಬ್ಬಿಯನ್ನು ಹಿಂದೆ ಕೊಟ್ಟ. ಕಡಲೆ, ಬೆಲ್ಲ, ಎಳ್ಳು, ತೆಂಗಿನಕಾಯಿ, ತುಪ್ಪ ಕಲಸಿದ್ದನ್ನು ತಿನ್ನುವ ವಸ್ತುವಲ್ಲ ಎಂದು ಸರಕಾರಿ ಅಧಿಕಾರಿಯ ಎದುರು ಹೇಳಿ ಬಂದೆ. ಸುಳ್ಳು ಹೇಳಿದೆ ಎಂದು ಆಗ ಒಂದಿಷ್ಟೂ ಅನ್ನಿಸಲಿಲ್ಲ.

ರೂವಿ

ಮಸ್ಕತ್ತಿನ ಗುಡ್ಡಗಳ ಮೇಲೆ ಒಂದು ಹುಲ್ಲುಕಡ್ಡಿಯಿಲ್ಲ. ಕೊಡಚಾದ್ರಿಯ ಚರ್ಮ ಸುಲಿದು ಬಿಸಿಲಿಗೆ ಒಣಹಾಕಿದಂತೆ ಕಾಣುತ್ತವೆ. ಅವುಗಳ ಬುಡದಲ್ಲಿ ಬಿಳಿ ಮನೆಗಳು. ರಸ್ತೆ ದಾಟಲು ನಿಂತರೆ ಕಾರುಗಳೇ ನಿಲ್ಲುತ್ತವೆ. ಮೊದಲ ಸಲ ನನಗಿದು ತಿಳಿಯದೆ, ಕಾರು ಹೋಗಲಿ ಎಂದು ನಾನು, ನಾನು ದಾಟಲಿ ಎಂದು ಕಾರು, ಹೀಗೇ ನಿಂತುಬಿಟ್ಟೆವು. ಕೊನೆಗೆ ಡ್ರೈವರ್ ಮಹಾಶಯ ಕಿಟಕಿ ಇಳಿಸಿ ಕೈಸನ್ನೆ ಮಾಡಿದ. ಕುಂದಾಪುರದ ಸರ್ಕಲ್ಲಿನಲ್ಲಿ ಅರ್ಧ ಆಯಸ್ಸು ಕಳೆದವರಿಗೆ ಇಂಥ ಮರ್ಯಾದೆ ಅಭ್ಯಾಸವಿಲ್ಲ.

ಸುಜಾತ ಬಾಗಿಲು ತೆಗೆದಾಗ ಅವಳ ಬಲಗೈ ಪಕ್ಕೆಯ ಮೇಲಿತ್ತು. ಅಲ್ಲಿದ್ದಷ್ಟು ದಿನ ಆ ಕೈ ಅಲ್ಲಿಂದ ಕದಲಿದ್ದನ್ನು ನಾನು ಹೆಚ್ಚು ಕಾಣಲಿಲ್ಲ. ಕೆನ್ನೆ ಒಳಗೆ ಹೋಗಿತ್ತು.

“ಎಣ್ಣಿ ವಾಸ್ನಿ ಬಂದ್ರೂ ಆತಿಲ್ಲೆ ಅಕ್ಕ,” ಎಂದಳು. “ಹೋಟ್ಲ್ ನೋಡ್ಕಂಬವ್ನ ಹೆಂಡ್ತಿ ಆಯಿ ಗಂಜಿ ಕುಡ್ಕಂಡ್ ಕೂತಿದ್ದೆ ಕಾಣ್!”

ಮೊದಲು ಗೊತ್ತುಮಾಡಿದ್ದ ದಿನ ಜ್ವರ ಬಂದು ತಪ್ಪಿತ್ತು. ಇನ್ನೊಮ್ಮೆ ಕಾಮಾಲೆಯಾಗಿ ತಪ್ಪಿತ್ತು. ಈ ಸಲ ತಪ್ಪಿದರೆ ಸರ್ಜನ್ ದೀರ್ಘ ರಜೆಯ ಮೇಲೆ ಹೋಗುವವರಿದ್ದರು. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಅವರು ಹೇಳಿದ್ದರಂತೆ. ಪ್ರಭಾಕರ ಇದನ್ನು ನನಗೆ ಅಡುಗೆಮನೆಗೆ ಕರೆದು, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಪಿಸುಮಾತಿನಲ್ಲಿ ಹೇಳಿದ. ಅವನೂ ನಮ್ಮ ಕಡೆಯವನೇ.

ಆಸ್ಪತ್ರೆ, ಮೊದಲ ಸಲ

ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ವೈದ್ಯರು ರೋಗಿಯನ್ನು ಕರೆದು ಮಾತಾಡಿಸುವ ಕ್ರಮ ಅಲ್ಲಿತ್ತು. ಹೊರಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಓಮಾನಿ ಹೆಂಗಸೊಬ್ಬಳು ತನ್ನ ಫ್ಲಾಸ್ಕಿನಿಂದ ಒಂದು ಪುಟ್ಟ ಬಟ್ಟಲಿಗೆ ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿ ಕೊಟ್ಟಳು, ಜೊತೆಗೆ ಖರ್ಜೂರ. ಕುಡಿದು ಬಟ್ಟಲು ಹಿಂದೆ ಕೊಟ್ಟೆ. ಮತ್ತೆ ತುಂಬಿಸಿದಳು. ಕುಡಿದೆ. ಮತ್ತೆ ತುಂಬಿಸಿದಳು. ಬಡಿಸಿದ್ದನ್ನು ಬಿಡಬಾರದೆಂಬುದು ನಮ್ಮ ಕ್ರಮ. ಬಟ್ಟಲನ್ನು ಅಲ್ಲಾಡಿಸುವವರೆಗೆ ಹಾಕುತ್ತಲೇ ಇರಬೇಕೆಂಬುದು ಅವರ ಕ್ರಮ. ಬೀನಾ ಎಂಬ ಮಲಯಾಳಿ ನರ್ಸ್ ಬಂದು ಬಿಡಿಸದಿದ್ದರೆ ಆ ಫ್ಲಾಸ್ಕು ನನ್ನ ಹೊಟ್ಟೆಯಲ್ಲೇ ಖಾಲಿಯಾಗುತ್ತಿತ್ತು.

ಬೀನಾ ಹಿಂದಿಯಲ್ಲಿ ಉಪವಾಸದ ನಿಯಮ ಹೇಳಿದಳು. ಹಿಂದಿನ ರಾತ್ರಿಯ ಊಟದ ನಂತರ ಏನೂ ತಿನ್ನಬಾರದು. ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

“ಪ್ರಸಾದ ಅಡ್ಡಿಯಿಲ್ಲ ತಾನೆ? ಅದು ತಿನ್ನೋದಲ್ಲ, ಒಂದು ಚಿಟಿಕೆ,” ಎಂದಳು ಸುಜಾತ.

ಬೀನಾ ನಕ್ಕಳು. “ಚೇಚಿ, ದೇವರು ಕೊಟ್ಟರೂ ಹೋಗೋದು ಅದೇ ಹೊಟ್ಟೆಗೇ ಅಲ್ಲವಾ? ಎಲ್ಲರೂ ‘ಏನೂ ತಿಂದಿಲ್ಲ’ ಅಂತಾರೆ. ಸುಳ್ಳಲ್ಲ. ಅವರ ಲೆಕ್ಕದಲ್ಲಿ ತಿಂದಿರೋದೇ ಇಲ್ಲ.”

ನನಗೆ ಕಸ್ಟಮ್ಸಿನ ಹುಡುಗ ನೆನಪಾದ. ಅಮ್ಮ ಹೇಳಿದಂತೆ ನಾನು ಆ ಬೆಳಿಗ್ಗೆ ತಂಗಿಯ ಬಾಯಿಗೆ ಪಂಚಕಜ್ಜಾಯ ಹಾಕಿಯೇ ತೀರುತ್ತಿದ್ದೆ. ಡಾಕ್ಟರ್ ಕೇಳಿದರೆ ಇಬ್ಬರೂ ನಿಶ್ಚಿಂತೆಯಿಂದ ಇಲ್ಲ ಎನ್ನುತ್ತಿದ್ದೆವು.

ಒಳಗಿದ್ದವರು ಡಾ. ಸಲ್ಮಾ, ಓಮಾನಿನವರೇ. ನನಗಿಂತ ಚಿಕ್ಕವರು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಗ್ಗುಲಿಂದ ಕೇಳುವುದು ಅವರ ರೀತಿ.

“ನಿಮಗಾಗಲಿ, ನಿಮ್ಮ ರಕ್ತಸಂಬಂಧಿಗಳಿಗಾಗಲಿ ಅರಿವಳಿಕೆಯಿಂದ ತೊಂದರೆಯಾದದ್ದು ಇದೆಯೇ?”

ಇಲ್ಲ ಎಂದೆವು. ಸುಜಾತಳಿಗೆ ಅದುವರೆಗೆ ಒಂದೂ ಆಪರೇಷನ್ ಆಗಿರಲಿಲ್ಲ.

“ಆಪರೇಷನ್ನಿಗೆ ಹೋಗಿ ತಿರುಗಿ ಬಾರದವರು?”

ಇಲ್ಲ.

“ಚಿಕ್ಕ ವಯಸ್ಸಿನಲ್ಲಿ, ಇದ್ದಕ್ಕಿದ್ದಂತೆ ತೀರಿಕೊಂಡವರು?”

ಸುಜಾತ ನನ್ನ ಕಡೆ ತಿರುಗಿದಳು. ನಾನು ಹೇಳಿದೆ: “ಒಬ್ಬ ಸೋದರಮಾವ ಇದ್ದರು, ಅಮ್ಮನ ತಮ್ಮ. ಸಮುದ್ರದಲ್ಲಿ ಮುಳುಗಿ ಹೋದರು.”

“ನೀವು ನೋಡಿದ್ದೀರಾ?”

“ಹೆಣ ನೋಡಿದ್ದೇನೆ. ಸಣ್ಣವಳಿದ್ದೆ. ಇವಳಿನ್ನೂ ತೊಟ್ಟಿಲಲ್ಲಿದ್ದಳು. ಮೈಯೆಲ್ಲ ಒದ್ದೆಯಾಗಿತ್ತು.”

ಡಾಕ್ಟರ್ ಅದನ್ನು ಕಾಗದದಲ್ಲಿ ಬರೆದುಕೊಂಡರು. “ನಾಡಿದ್ದು ಬೆಳಿಗ್ಗೆಯವರೆಗೆ ಏನು ನೆನಪಾದರೂ ಬನ್ನಿ. ಚಿಕ್ಕದಾದರೂ,” ಎಂದರು.

ಮತ್ರಾ

ಮರುದಿನ ಬೆಳಿಗ್ಗೆ ಪ್ರಭಾಕರ ಹೋಟೆಲಿಗೆ ಮೀನು ತರಲು ಹೊರಟಾಗ ನಾನೂ ಜೊತೆ ಹೋದೆ. ಮತ್ರಾ ಎಂಬುದು ಹಳೆಯ ಬಂದರು. ಅಲ್ಲಿನ ಮೀನು ಮಾರುಕಟ್ಟೆಯ ನೆಲ ಚೊಕ್ಕಟವಾಗಿದೆ, ಮೀನು ಮಾರುವವರು ಯಾರೂ ಕೂಗುವುದಿಲ್ಲ. ಬೆಲೆ ಕೇಳಿದರೆ ಮಾತ್ರ ಹೇಳುತ್ತಾರೆ. ನಮ್ಮ ಗಂಗೊಳ್ಳಿ ಬಂದರಿನ ಮೀನು ಮಾರುವ ಹೆಂಗಸರು ಇಲ್ಲಿಗೆ ಬಂದರೆ ಮೊದಲ ದಿನವೇ ಬೇಜಾರು ಬಂದು ಸಾಯುತ್ತಾರೆ ಎಂದು ಪ್ರಭಾಕರನಿಗೆ ಹೇಳಿ ನಗುತ್ತಿದ್ದೆ.

ಆಗ ಒಬ್ಬ ಮುದುಕ ದೊಡ್ಡ ಪೆಟ್ಟಿಗೆಯ ಮೇಲಿಂದ ಒದ್ದೆ ಗೋಣಿಯನ್ನು ಎಳೆದ. ಕೆಳಗೆ ಐಸು, ಐಸಿನ ನಡುವೆ ಅಂಜಲ್ ಮೀನು. ಗೋಣಿ, ಐಸು, ಮೀನು ಮೂರೂ ಸೇರಿದ ತಣ್ಣಗಿನ ವಾಸನೆ ಮುಖಕ್ಕೆ ಬಡಿಯಿತು. ನನ್ನ ನಗು ಅಲ್ಲೇ ನಿಂತಿತು.

ಅದು ರಘುಮಾವನ ವಾಸನೆಯಾಗಿತ್ತು.

ರಘುಮಾವನ ಬಗ್ಗೆ ನನ್ನಲ್ಲಿ ಇದ್ದದ್ದು ಇಷ್ಟೇ: ಒದ್ದೆ, ಮೀನಿನ ವಾಸನೆ, ಕೂದಲಿನಲ್ಲಿ ಅಂಟಿದ ಉಮಿ. ನಮ್ಮ ಮನೆಯಲ್ಲಿ ಅವರ ಸಾವಿನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಉಪ್ಪುಂದದ ಅಜ್ಜನ ಮನೆಯಿಂದ ಕಡಲು ಕೂಗಳತೆಯ ದೂರ. ಒದ್ದೆ, ಮೀನು, ಕಡಲು. ಮುಳುಗಿದರು ಎಂದು ಯಾರೂ ನನಗೆ ಹೇಳಿಲ್ಲ. ನಾನೇ ಕೂಡಿಸಿಕೊಂಡದ್ದು. ಆಮೇಲೆ ಅದನ್ನು ಅದೆಷ್ಟು ಸಲ ಹೇಳಿದ್ದೇನೆ! ತರಗತಿಯಲ್ಲಿ, ಗೆಳತಿಯರಲ್ಲಿ, ಸುಜಾತಳ ಮದುವೆಯ ಮುಂಚೆ ಪ್ರಭಾಕರನಲ್ಲಿ. ಹೇಳುತ್ತ ಹೇಳುತ್ತ ಅದಕ್ಕೆ ಅಲೆ, ಬಲೆ, ದೋಣಿ ಎಲ್ಲ ಬಂದು ಸೇರಿದ್ದವು.

ಆದರೆ ಕಡಲಿನಲ್ಲಿ ಮುಳುಗಿದವನ ಮೈಗೆ ಉಪ್ಪಿನ ವಾಸನೆ ಬರಬೇಕು. ಕೂದಲಲ್ಲಿ ಮರಳಿರಬೇಕು. ಉಮಿ ಎಲ್ಲಿಂದ ಬಂತು? ನಮ್ಮ ಕಡೆ ಆಗ ಕರಗದಿರಲೆಂದು ಉಮಿ ಹಾಕಿ ಗೋಣಿ ಸುತ್ತುತ್ತಿದ್ದದ್ದು ಐಸಿಗೆ.

ಮನುಷ್ಯನ ಮೈಮೇಲೆ ಮೀನಿನ ಐಸು ಏಕೆ ಹಾಕುತ್ತಾರೆ?

ಕಾರಿನಲ್ಲಿ ಪ್ರಭಾಕರನಿಗೆ ಹೇಳಿದೆ. ಅವನು ಸ್ಟೀರಿಂಗ್ ಹಿಡಿದೇ ನನ್ನನ್ನು ಒಮ್ಮೆ ನೋಡಿದ.

“ಅಕ್ಕ, ಮಾವ ಸಮುದ್ರದಗೆ ಹೋದ್ರ್ ಅಂದೇಳಿ ನಂಗೆ ಹೇಳದ್ದ್ ನೀವೇ ಅಲ್ದಾ? ದೋಣಿ ಮಗ್ಚಿದ್ದ್ ಸಮೇತ ಹೇಳಿದ್ರಿ. ಈಗ ಅಂಜಲ್ ಕಂಡ್ ಬೇರೆ ಕತಿ ಹೇಳ್ತ್ರಿ!”

ದೋಣಿ ಮಗುಚಿದ್ದು ನನಗೇ ಮರೆತುಹೋಗಿತ್ತು. ಹೊಸದಾಗಿ ನೆನಪಾದ ಈ ಉಮಿ ಮಾತ್ರ ನಿಜವೆಂದು ಹೇಗೆ ಹೇಳಲಿ? ನಿನ್ನೆ ಡಾಕ್ಟರ್ ಆ ಪ್ರಶ್ನೆ ಕೇಳದಿದ್ದರೆ ಇವತ್ತು ಇದು ನೆನಪಾಗುತ್ತಿತ್ತೇ? ನನ್ನ ಹೆದರಿಕೆಯೇ ಹೆಣೆದ ಇನ್ನೊಂದು ಕತೆ ಇದಾಗಿರಬಾರದೇಕೆ?

“ಮನಿಯಗೆ ಅವ್ಳಿಗ್ ಹೇಳ್ಬೇಡಿ,” ಎಂದ ಪ್ರಭಾಕರ. “ನಾಳ್ಗೆ ಒಂದ್ ದಿನ ಕಳಿಲಿ.”

ಮತ್ತೆ ರೂವಿ

ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ಅಮ್ಮನಿಗೆ ಫೋನು ಮಾಡಿದೆ.

“ಎಂತ? ಸುಜಿಗೆ ಜೋರಾಯ್ತಾ?” ಎಂದಳು.

“ಇಲ್ಲೆ ಅಮ್ಮ. ಒಂದ್ ವಿಷ್ಯ ಕೇಳುಕಿತ್ತ್. ರಘುಮಾವ...”

“ಹೆಣೆ! ಬಾಯ್ ಮುಚ್ಚ್! ನಾಳ್ಗೆ ಆ ಕೆಲ್ಸ ಇಟ್ಕಂಡ್ ಇವತ್ತ್ ಆ ಹೆಸ್ರ್ ತೆಗಿತ್ಯಾ? ಕಲ್ತವ್ಳ್ ಅಂಬ್ರ್, ಕಾಲೇಜಗೆ ಪಾಠ ಮಾಡುವವ್ಳ್ ಅಂಬ್ರ್!”

“ಅವ್ರ್ ನೀರಿಗ್ ಬಿದ್ದ್ ಹೋದ್ದ್ ಹೌದಾ, ಅಲ್ದಾ? ಅಷ್ಟೇ ಹೇಳ್.”

“ಹೇಳುಕಾಗ ಅಂದ್ರೆ ಹೇಳುಕಾಗ. ಕೆಲ್ಸ ಮುಗಿಲಿ, ಮತ್ತೆ ಬೇಕಾದ್ದ್ ಕೇಳ್.” ಫೋನು ಇಟ್ಟಳು.

ಹೌದು ಎಂದು ಅವಳು ಹೇಳಲಿಲ್ಲ. ನನ್ನನ್ನು ನಡುಗಿಸಿದ್ದು ಅದು. ಮುಳುಗಿ ಸತ್ತದ್ದೇ ನಿಜವಾಗಿದ್ದರೆ “ಹೌದೇ ಮಾರಾಯ್ತಿ, ಸುಮ್ನಿರ್” ಎಂದು ಮುಗಿಸಬಹುದಿತ್ತು.

ತಿರುಗಿ ನೋಡಿದರೆ ಬಾಗಿಲಿನ ಗಾಜಿನಾಚೆ ಸುಜಾತ ನಿಂತಿದ್ದಳು. ಬಾಗಿಲು ಸರಿಸಿದಳು. ಎಲ್ಲವೂ ಕೇಳಿಸಿತ್ತು. ಒಳಗೆ ಕೂರಿಸಿ ಮಾರುಕಟ್ಟೆಯ ವಿಷಯ ಹೇಳಿದೆ. ಕೇಳಿಸಿಕೊಳ್ಳುತ್ತಿದ್ದಂತೆ ಅವಳ ಮುಖ ಕೆಂಪಾಯಿತು.

“ಅಕ್ಕ, ಈ ನೋವು ತಿಂದ್ ತಿಂದ್ ನಂಗೆ ಸಾಕಾಯ್ತ್. ಹೆಂಗೋ ಒಂದ್ ದಿನ ಸಿಕ್ಕಿತ್. ನಿನ್ ಕತಿ ನಂಬ್ಕಂಡ್ ಅದನ್ನೂ ಮುಂದೆ ಹಾಕುದಾ? ಸಣ್ಣಕಿಪ್ಪತಿಗೆ ಒಂದ್ ಕತಿ ಹೇಳ್ದೆ, ಈಗ್ ಇನ್ನೊಂದ್. ಯಾವುದನ್ನ ನಂಬುದ್?”

“ನನ್ನನ್ನ ನಂಬ್ಬೇಡ,” ಎಂದೆ. “ಡಾಕ್ಟ್ರಿಗೆ ಹೇಳಿ ಬತ್ತೆ. ನಂಬುದಾ ಬಿಡುದಾ ಅವ್ರ್ ಕಾಣ್ಲಿ.”

ಅವಳು ಪಕ್ಕೆ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಮಾತು ಬಂತು: “ಹೋಪುದಾರೆ ಬೇಗ ಹೋಗ್. ಮಧ್ಯಾಹ್ನ ಆರೆ ಅವ್ರ್ ಸಿಕ್ಕೂದಿಲ್ಲೆ.”

ಆಸ್ಪತ್ರೆ, ಎರಡನೇ ಸಲ

ಡಾ. ಸಲ್ಮಾ ಥಿಯೇಟರಿನಿಂದ ಹಸಿರು ಟೋಪಿಯಲ್ಲೇ ಹೊರಗೆ ಬಂದರು. ಗೋಡೆಗೊರಗಿ ನಿಂತು ಕೇಳಿದರು. ನಾನು ಮೊದಲೇ ಎಚ್ಚರಿಸಿದೆ: ಇದು ನಾಲ್ಕೈದು ವರ್ಷದ ಮಗುವಿನ ನೆನಪು, ಇದೇ ನೆನಪಿನ ಮೇಲೆ ನಾನು ಒಂದು ಸುಳ್ಳು ಮಹಡಿ ಕಟ್ಟಿದ್ದೇನೆ, ಇದೂ ಸುಳ್ಳಿರಬಹುದು.

“ಐಸು,” ಎಂದರು ಅವರು. ಆಮೇಲೆ ಕುರ್ಚಿ ಎಳೆದು ಕುಳಿತುಬಿಟ್ಟರು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೆಲವು ಕುಟುಂಬಗಳ ರಕ್ತದಲ್ಲಿ ಒಂದು ದೋಷ ಹರಿದು ಬರುತ್ತದೆ. ಬದುಕಿಡೀ ಅದು ತನ್ನ ಸುಳಿವು ಕೊಡದೆ ಇರಬಹುದು. ಆದರೆ ಎಚ್ಚರ ತಪ್ಪಿಸಲು ಉಸಿರಿನ ಜೊತೆ ಕೊಡುವ ಕೆಲವು ಅನಿಲಗಳು, ಸ್ನಾಯು ಸಡಿಲಿಸುವ ಒಂದು ಔಷಧಿ, ಇವು ಅಂಥವರ ಮೈಗೆ ಸೇರಿದರೆ ಸ್ನಾಯುಗಳೆಲ್ಲ ಸೆಟೆದು ಮೈ ಕೆಂಡವಾಗುತ್ತದೆ. ಅದಕ್ಕೆ ಮದ್ದಿದೆ, ಕೂಡಲೇ ಕೊಡಬೇಕು. ಮದ್ದಿಲ್ಲದ ಕಾಲದಲ್ಲಿ, ಮದ್ದಿಲ್ಲದ ಊರುಗಳಲ್ಲಿ, ವೈದ್ಯರ ಕೈಯಲ್ಲಿದ್ದದ್ದು ಐಸು ಮಾತ್ರ.

“ಜ್ವರಕ್ಕೂ ಐಸು ಇಟ್ಟಿರಬಹುದು. ನಿಮ್ಮ ತಾಯಿ ಏನು ಹೇಳುತ್ತಾರೆ?”

ಅವಳು ಆ ಹೆಸರನ್ನು ಇವತ್ತು ಎತ್ತುವುದಿಲ್ಲ, ಎತ್ತಿದರೆ ಕೆಡುಕಾಗುತ್ತದೆಂದು ನಂಬಿದ್ದಾಳೆ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

“ನನ್ನ ಅಜ್ಜಿಯೂ ಹಾಗೇ. ಸತ್ತವರ ಬಗ್ಗೆ ಕೇಳಿದರೆ ‘ದೇವರ ಇಚ್ಛೆ’ ಎಂದು ಬಾಗಿಲು ಹಾಕುತ್ತಿದ್ದಳು. ನಾವು ಇಲ್ಲಿ ಕೊಯ್ಯುವ ಮುಂಚೆ ಎಲ್ಲರೂ ಕೈ ನಿಲ್ಲಿಸಿ, ರೋಗಿಯ ಹೆಸರು ಗಟ್ಟಿಯಾಗಿ ಹೇಳಿ, ಇವತ್ತು ಏನೇನು ಕೆಡಬಹುದು ಎಂದು ಒಬ್ಬೊಬ್ಬರಾಗಿ ಬಾಯಿಬಿಟ್ಟು ಹೇಳುತ್ತೇವೆ. ನನ್ನ ಅಜ್ಜಿ ಅದನ್ನು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.” ಆಮೇಲೆ ನನ್ನ ಫೋನಿನ ಕಡೆ ಕೈ ತೋರಿಸಿ ಹೇಳಿದರು: “ಹೆಸರು ಬೇಡ. ಸತ್ತದ್ದೂ ಬೇಡ. ಐಸಿನ ವಿಷಯ ಮಾತ್ರ ಕೇಳಿ.”

ಫೋನನ್ನು ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟೆ. ಅಮ್ಮ ಎತ್ತಿದವಳೇ “ಮತ್ತೆಂತ?” ಎಂದಳು. ದನಿಯಲ್ಲಿ ಸಿಟ್ಟು ಆರಿರಲಿಲ್ಲ.

“ಅಮ್ಮ, ಹೆಸ್ರ್ ಹೇಳುದ್ ಬ್ಯಾಡ. ಆ ದಿನ ಐಸ್ ಎಲ್ಲಿಂದ ತಂದದ್ದ್, ಅಷ್ಟ್ ಹೇಳ್.”

ಆ ಕಡೆ ಅಣ್ಣನ ಮನೆಯ ಕುಕ್ಕರ್ ಕೂಗಿತು. ಅದು ನಿಂತ ಮೇಲೂ ಅಮ್ಮ ಮಾತಾಡಲಿಲ್ಲ. ಸಂಪರ್ಕ ಕಡಿಯಿತೇನೋ ಎಂದು ನಾನು ಕೈ ಮುಂದೆ ಮಾಡಿದೆ. ಡಾಕ್ಟರ್ ನನ್ನ ಕೈ ಹಿಡಿದು ತಡೆದರು.

“ಗಂಗೊಳ್ಳಿಂದ,” ಎಂದಳು ಅಮ್ಮ. “ಮೀನಿನ್ ಐಸ್. ಕುಂದಾಪ್ರದಗೆ ಬೇರೆ ಎಲ್ಲ್ ಸಿಕ್ಕತ್ ಆಗ? ದೋಣಿಯಗೆ ಹೊಳಿ ದಾಂಟ್ಸಿ ತಂದಿರ್. ಆಸ್ಪತ್ರಿಗ್ ಬಪ್ಪತಿಗೆ ಅರ್ಧ ಕರ್ಗಿ ಹೋಯಿತ್ತ್.”

“ಮೈ ಹ್ಯಾಂಗಿದ್ದಿತ್ ಅಮ್ಮ?”

“ಕಾದ್ ಕಾವ್ಲಿ ಕಂಡಂಗೆ. ಇಟ್ಟದ್ದೆಲ್ಲ ನೀರ್. ಹಲ್ಗಿ ಕಂಡಂಗೆ ಸೆಟ್ದಿದ್ದಿತ್. ಬಾಯಿಗ್ ಒಂದ್ ಹನಿ ನೀರ್ ಬಿಡುವ ಅಂದ್ರೆ ದವ್ಡಿ ಬಿಡ್ಸುಕೆ ಆಯಿಲ್ಲೆ.”

ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಮಾಡುತ್ತಿದ್ದೆ. “ಜ್ವರ ಮೊದಲೇ ಇತ್ತೇ ಎಂದು ಕೇಳಿ,” ಎಂದರು ಡಾಕ್ಟರ್.

“ಮುಂಚೆ ಎಂತ ಇರ್ಲಿಲ್ಲೆ. ಹೊಟ್ಟಿನೋವು ಅಂದೇಳಿ ನಡ್ಕಂಡ್ ಹೋದವ. ಕೊಯ್ಯುಕೆ ಒಳಗ್ ಕರ್ಕಂಡ್ ಹೋದ್ರ್, ಮತ್ತೆ ಕಾಂಬತಿಗೆ ಹೀಂಗ್.” ಅಮ್ಮನ ಉಸಿರು ಕೇಳಿಸಿತು. “ಸಾಕ್ ಮಗಾ. ಇನ್ನ್ ಎಂತದೂ ಕೇಳ್ಬೇಡ.”

“ಸಾಕು,” ಎಂದರು ಡಾ. ಸಲ್ಮಾ ಕೂಡ. ಭಾಷೆ ಬಾರದೆಯೂ ಅವರಿಗೆ ಆ ಕೊನೆಯ ಮಾತು ತಿಳಿದಿತ್ತು. “ಪರೀಕ್ಷೆಯಿಲ್ಲದೆ ಇದೇ ಎಂದು ಹೇಳಲಾರೆ. ಆದರೆ ನಾಳೆ ಇದೇ ಎಂದು ನಂಬಿ ಕೆಲಸ ಮಾಡುತ್ತೇನೆ. ಆ ಅನಿಲವಿಲ್ಲ. ರಕ್ತನಾಳದ ಮೂಲಕ ಬೇರೆ ಔಷಧಿಯಿಂದ ನಿದ್ದೆ. ಯಂತ್ರದಲ್ಲಿ ಹಳೆಯ ಅನಿಲದ ಲವಲೇಶವೂ ಉಳಿಯದಂತೆ ತೊಳೆಸುತ್ತೇನೆ. ಮದ್ದು ನಮ್ಮಲ್ಲಿ ಸಾಕಷ್ಟಿಲ್ಲ. ಇನ್ನೊಂದು ಆಸ್ಪತ್ರೆಯಿಂದ ಬರಬೇಕು. ಅದು ನನ್ನ ಕಣ್ಣಿಗೆ ಕಾಣುವವರೆಗೆ ನಿಮ್ಮ ತಂಗಿಯನ್ನು ಒಳಗೆ ಕರೆಯುವುದಿಲ್ಲ.”

ಬಾರದಿದ್ದರೆ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ನಾನೂ ಅಮ್ಮನ ಮಗಳೇ.

ಆ ಕೆಲಸದ ದಿನ

ಬೆಳಿಗ್ಗೆ ಸುಜಾತ ಪಂಚಕಜ್ಜಾಯದ ಡಬ್ಬಿಯನ್ನು ತೆರೆಯದೆ ಕಣ್ಣಿಗೊತ್ತಿಕೊಂಡು ಫ್ರಿಜ್ಜಿನಲ್ಲಿಟ್ಟಳು. ಆಸ್ಪತ್ರೆಯಲ್ಲಿ ಅವಳಿಗೆ ನಿಲುವಂಗಿ ತೊಡಿಸಿ, ಬಳೆ ಬಿಚ್ಚಿಸಿ, ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದರು. ಬಂದವರೆಲ್ಲ ಅವಳ ಹೆಸರು ಕೇಳುತ್ತಿದ್ದರು, ಯಾವ ಆಪರೇಷನ್ ಎಂದು ಅವಳ ಬಾಯಿಂದಲೇ ಹೇಳಿಸುತ್ತಿದ್ದರು.

“ಇವ್ರಿಗ್ ಮರ್ವಾ ಎಂತ ಮಾರಾಯ್ತಿ? ಪಟ್ಟಿಯಗೆ ಬರ್ದಿತ್ತಲೆ!” ಎಂದು ಅವಳು ರೇಗಿದಳು. ರೇಗುವಷ್ಟು ಜೀವ ಇದೆಯಲ್ಲ ಎಂದು ನನಗೆ ಸಮಾಧಾನವಾಯಿತು.

ಮದ್ದು ಬಂದಿರಲಿಲ್ಲ. ಅವಳ ನಂತರದವರನ್ನು ಒಳಗೆ ಕರೆದರು. ಸುಜಾತಳಿಗೆ ಹಸಿವು, ನೋವು ಎರಡೂ ಏರುತ್ತಿದ್ದವು. ಪ್ರಭಾಕರ ಕಾರಿಡಾರಿನಲ್ಲಿ ಅತ್ತಿಂದಿತ್ತ ಹೋಗುತ್ತ, ನನ್ನ ಎದುರು ಬಂದಾಗಲೆಲ್ಲ ಏನೋ ಹೇಳಲು ಹೊರಟು ಮುಂದೆ ಹೋಗುತ್ತಿದ್ದ. ಅವನು ಹೇಳದ್ದು ನನಗೆ ಗೊತ್ತಿತ್ತು. ಒಂದು ಮೀನಿನ ಪೆಟ್ಟಿಗೆ ಮೂಸಿದ್ದಕ್ಕೆ ಇಷ್ಟೆಲ್ಲ. ಈ ದಿನವೂ ತಪ್ಪಿ, ಕಲ್ಲು ಜಾರಿದರೆ ಅದು ಯಾರ ತಲೆಯ ಮೇಲೆ?

ಕೊನೆಗೆ ಬೀನಾ ಮದ್ದಿನ ಪೆಟ್ಟಿಗೆ ಹಿಡಿದ ಮನುಷ್ಯನ ಜೊತೆ ಓಡುನಡಿಗೆಯಲ್ಲಿ ಹೋದದ್ದು ಕಂಡಿತು. ಸ್ವಲ್ಪ ಹೊತ್ತಿನಲ್ಲೇ ಸುಜಾತಳನ್ನು ಕರೆದರು. ಮಂಚ ತಳ್ಳಿಕೊಂಡು ಹೋಗುವಾಗ ಅವಳು ನನ್ನ ಬೆರಳು ಬಿಡಲಿಲ್ಲ. ಬಾಗಿಲ ಬಳಿ ಬಿಡಿಸಬೇಕಾಯಿತು.

ಹೊರಗೆ ಅದೇ ಓಮಾನಿ ಹೆಂಗಸು ಕುಳಿತಿದ್ದಳು. ಅವಳ ಗಂಡನೂ ಒಳಗಿದ್ದ. ಬಟ್ಟಲು ತುಂಬಿಸಿ ಕೊಟ್ಟಳು. ಆ ದಿನ ನಾನು ಬಟ್ಟಲು ಅಲ್ಲಾಡಿಸಲಿಲ್ಲ. ಅವಳು ಹಾಕುತ್ತಲೇ ಇದ್ದಳು, ನಾನು ಕುಡಿಯುತ್ತಲೇ ಇದ್ದೆ. ಇಬ್ಬರಿಗೂ ಕೈಗೆ ಒಂದು ಕೆಲಸ ಬೇಕಿತ್ತು.

ಸುಜಾತಳನ್ನು ಹೊರಗೆ ತಂದಾಗ ಅವಳ ಹಲ್ಲುಗಳು ಕಟಕಟಿಸುತ್ತಿದ್ದವು, ಮೈ ಅದುರುತ್ತಿತ್ತು. “ಡಾಕ್ಟರ್!” ಎಂದು ಕೂಗಿದೆ. ಕಾರಿಡಾರಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ದವಡೆ, ದವಡೆ ಎಂದು ಕನ್ನಡದಲ್ಲೇ ಹೇಳುತ್ತಿದ್ದೆನಂತೆ. ಇದು ಪ್ರಭಾಕರ ಹೇಳಿದ್ದು, ನನಗೆ ನೆನಪಿಲ್ಲ.

“ಚಳಿ, ಚೇಚಿ! ಒಳಗೆ ಏಸಿ ಜಾಸ್ತಿ, ಅಷ್ಟೇ,” ಎಂದಳು ಬೀನಾ, ಕಂಬಳಿ ಹೊದಿಸುತ್ತ. ಡಾ. ಸಲ್ಮಾ ಹಿಂದೆಯೇ ಇದ್ದರು. ನನ್ನ ಕೈ ಹಿಡಿದು ಸುಜಾತಳ ಪಾದದ ಮೇಲಿಟ್ಟರು. ತಣ್ಣಗಿತ್ತು. ಬೆಳಗಿನ ಅಂಗಳದ ಕಲ್ಲಿನ ಹಾಗೆ ತಣ್ಣಗಿತ್ತು.

ಏನೂ ಆಗಲಿಲ್ಲ. ತಂದ ಮದ್ದಿನ ಪೆಟ್ಟಿಗೆಯನ್ನು ತೆರೆಯಬೇಕಾಗಲಿಲ್ಲ. ನಾನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಯಾರಿಗೂ ತಿಳಿಯದು. ಇದನ್ನು ಡಾಕ್ಟರಿಗೆ ಹೇಳಿದಾಗ ಅವರು, “ನನ್ನ ಕೆಲಸದಲ್ಲಿ ಸರಿಹೋದದ್ದಕ್ಕೆ ಸಾಕ್ಷಿ ಇರುವುದಿಲ್ಲ. ಅಭ್ಯಾಸ ಮಾಡಿಕೊಳ್ಳಬೇಕು,” ಎಂದರು. ಆಮೇಲೆ ನನ್ನ ತಾಯಿ, ನಾನು, ಅಣ್ಣ, ತಾಯಿಯ ಕಡೆಯ ಪ್ರತಿಯೊಬ್ಬರೂ ಇನ್ನು ಮುಂದೆ ಯಾವ ಆಪರೇಷನ್ನಿಗೆ ಹೋದರೂ ಮೊದಲು ಈ ಮಾತು ಹೇಳಬೇಕೆಂದರು. ಎಲ್ಲರಿಗೂ ತಿಳಿಸುತ್ತೀರಾ ಎಂದು ಕೇಳಿದರು. ತಿಳಿಸುತ್ತೇನೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಬೈಂದೂರು

ಸುಜಾತ ಅನ್ನ ಉಣ್ಣುವಂತಾದ ಮೇಲೆ ಹೊರಟು ಬಂದೆ. ಪಂಚಕಜ್ಜಾಯವನ್ನು ಕೊನೆಗೆ ಪ್ರಭಾಕರನೇ ಹೆಚ್ಚು ತಿಂದ.

ಅಮ್ಮ ಜಗಲಿಯಲ್ಲಿ ಕಾಯುತ್ತಿದ್ದಳು. ಖರ್ಜೂರದ ಪೊಟ್ಟಣ ಕೊಟ್ಟೆ, ಬದಿಗಿಟ್ಟಳು. ಸುಜಿ ಹೇಗಿದ್ದಾಳೆ ಎಂದು ದಿನವೂ ಫೋನಿನಲ್ಲಿ ಕೇಳಿದ್ದವಳು ಈಗ ಅದನ್ನು ಕೇಳಲಿಲ್ಲ.

“ಐಸ್ ಬೇಕಾಯ್ತಾ?”

“ಇಲ್ಲೆ ಅಮ್ಮ. ಬೇಕಾಯಿಲ್ಲೆ. ಮೈ ತಣ್ಣಗಿತ್ತ್.”

ಅವಳು ತಲೆಯಾಡಿಸಿದಳು. ಕೆಲಸ ಮುಗಿದಿತ್ತು, ಈಗ ಕೇಳಬಹುದಿತ್ತು. ಮಾವನ ಕೂದಲಲ್ಲಿದ್ದ ಉಮಿಯಿಂದ ನನಗೆ ನೆನಪಾಯಿತು ಎಂದೆ. ಆ ಒಂದು ಉಮಿ ಇಲ್ಲದಿದ್ದರೆ ನಾನು ಡಾಕ್ಟರ ಬಳಿ ಹೋಗುತ್ತಲೇ ಇರಲಿಲ್ಲ ಎಂದೆ.

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು.

“ನೀನ್ ಎಲ್ಲ್ ಕಂಡದ್ದ್? ನಿನ್ನನ್ನ ಹತ್ರ ಬಪ್ಪುಕೇ ಬಿಡ್ಲಿಲ್ಲೆ. ಮಕ್ಳ್ ಹೆದ್ರ್ತ್ರ್ ಅಂದೇಳಿ ಆಚಿ ಮನಿಯಗೆ ಇಟ್ಟದ್ದ್. ಬೂದಿ ಆದ್ಮೇಲೇ ಮನಿಗ್ ಕರ್ಕಂಡ್ ಬಂದದ್ದ್.”

“ಹಾಂಗಾರೆ ಆ ವಾಸ್ನಿ?”

“ಎರಡೂ ಕೈಯಗೆ ಐಸ್ ಒತ್ತಿ ಹಿಡ್ಕಂಡ್ ಕೂತದ್ದ್ ನಾನಲ್ದಾ? ತಲಿ, ಸೆರ್ಗ್, ಎಲ್ಲ ಒದ್ದಿ, ಎಲ್ಲ ಉಮಿ. ಬದ್ಲ್ಸುಕೆ ಯಾರಿಗ್ ನೆನ್ಪ್? ಆಸ್ಪತ್ರಿಂದ ಹಾಂಗೇ ಆಚಿ ಮನಿಗ್ ಬಂದ್ ನಿನ್ನ ಎತ್ಕಂಡೆ. ನೀನ್ ನನ್ನ್ ಕುತ್ಗಿಗೆ ಮುಖ ಇಟ್ಕಂಡ್ ಎಷ್ಟ್ ಹೊತ್ತಾರೂ ಬಿಡ್ಲಿಲ್ಲೆ.”

ಇಷ್ಟು ವರ್ಷ ಯಾರ ಹೆಣವನ್ನು ನೆನಪಿಟ್ಟುಕೊಂಡಿದ್ದೆನೋ ಅದು ಹೆಣವೇ ಆಗಿರಲಿಲ್ಲ. ನನ್ನನ್ನು ಎತ್ತಿಕೊಂಡ ಅಮ್ಮನಾಗಿತ್ತು. ಡಾಕ್ಟರ ಎದುರು ಪ್ರತಿಯೊಂದು ಮಾತಿಗೂ ‘ಇರಬಹುದು’ ಸೇರಿಸಿದ್ದ ನಾನು ಹೆಣ ಕಂಡದ್ದರ ಬಗ್ಗೆ ಮಾತ್ರ ಒಮ್ಮೆಯೂ ಅನುಮಾನಪಟ್ಟಿರಲಿಲ್ಲ.

ಆಮೇಲೆ ಡಾಕ್ಟರು ಹೇಳಿದ್ದನ್ನು ಅವಳಿಗೆ ತಿಳಿಸಿದೆ. ಅಮಾಸೆಬೈಲಿನಲ್ಲಿ ಚಿಕ್ಕಮ್ಮ ಇದ್ದಾಳೆ, ಅಮ್ಮನ ತಂಗಿ. ಅವಳ ಮಗನಿಗೆ ಮುಂದಿನ ವಾರ ಹರ್ನಿಯಾ ಆಪರೇಷನ್. ನಾನೇ ಫೋನು ಮಾಡಿ ಹೇಳಲೇ ಎಂದು ಕೇಳಿದೆ. ಬೈಸಿಕೊಳ್ಳಲು ತಯಾರಾಗಿದ್ದೆ. ಒಂದು ಕೆಲಸ ಇಟ್ಟುಕೊಂಡ ಮನೆಗೆ ಇಂಥ ಮಾತು ತೆಗೆದುಕೊಂಡು ಹೋಗುವುದು.

ಅಮ್ಮ ಒಳಗೆ ಹೋದಳು. ನೀರು ಕುಡಿದ ಸದ್ದು ಕೇಳಿಸಿತು. ಹೊರಗೆ ಬಂದು ಅಜ್ಜ ಕೂರುತ್ತಿದ್ದ ಹಾಗೆ ಜಗಲಿಯ ಅಂಚಿನಲ್ಲಿ ನೆಟ್ಟಗೆ ಕುಳಿತು ಕೈ ಚಾಚಿದಳು.

“ಫೋನ್ ಕೊಡ್. ನೀನ್ ಹೇಳ್ರೆ ಅವ್ಳ್ ಇಟ್ಬಿಡ್ತ್ಳ್.”

ನಂಬರ್ ಒತ್ತಿ ಕೊಟ್ಟೆ. ಆ ಕಡೆ ಎತ್ತಿದರು.

“ಹ್ವಾಯ್, ನಾನ್,” ಎಂದಳು ಅಮ್ಮ. ಕಣ್ಣು ಮುಚ್ಚಿದಳು, ತೆರೆದಳು. “ರಘುನ ವಿಷ್ಯ ಒಂದ್ ಹೇಳುಕಿತ್ತ್. ರಘು. ಹೌದ್, ನಮ್ಮ್ ರಘುನೇ.”